ಬಳೆಗಾರ್ತಿ ತುಳಿಯದ ಹೊಸ್ತಿಲು

೧೯೧೮ರ ದಸರೆಯ ಹೊತ್ತಿಗೆ ಮನೆಮನೆಗೆ ಅಂಟಿ ಜನರನ್ನು ಕೊಲ್ಲುತ್ತಿದ್ದ ಮುಂಬೈ ಜ್ವರ ಕಲಬುರ್ಗಿಗೂ ಬಂತು. ಮೋಮಿನಪುರದ ಬಳೆಗಾರ್ತಿ ಜಾಹೇದಾಳಿಗೆ ಗಂಟಲು ಕೆರೆಯುತ್ತಿತ್ತು. ಧೂಳಿರಬೇಕೆಂದುಕೊಂಡು ಬಳೆ ಮಲಾರ ಹೆಗಲಿಗೇರಿಸಿ, ಬಂಡಿ ಹತ್ತಿ ಕಮಲಾಪುರಕ್ಕೆ ಹೋದಳು. ಹಬ್ಬದಲ್ಲಿ ಮನೆಯಲ್ಲಿ ಮಲಗುವ ಬಳೆಗಾರ್ತಿ ಎಲ್ಲಾದರೂ ಉಂಟೇ!

ಅಲ್ಲಿ ಒಂದೇ ಓಣಿಯಲ್ಲಿ ಒಂಬತ್ತು ಮನೆ ಹೊಕ್ಕಳು. ಒಬ್ಬೊಬ್ಬಳ ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ಗೆಣ್ಣು ಮಿದ್ದಿ, ಮುಖಕ್ಕೆ ಮುಖ ಕೊಟ್ಟು ಹರಟುತ್ತ ಬಳೆ ಏರಿಸಿದಳು. ಹಸಿರು ಬಳೆ ಮುಗಿದಿದ್ದರಿಂದ, ಬಳೆ ಇಡಿಸಬೇಕಾದವರಲ್ಲಿ ಅಂಬಮ್ಮನ ಮನೆ ಮಾತ್ರ ಉಳಿಯಿತು. ಅವಳ ಬಸುರಿ ಸೊಸೆ ಶಾರದಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರೇ ಬೇಕು.

ಐದು ದಿನದ ಮೇಲೆ ಹಸಿರು ಬಳೆ ಹೊತ್ತು ಮತ್ತೆ ಬಂದಾಗ ಮೊದಲ ಮನೆಯ ಮಲ್ಲಣ್ಣ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ.

"ಹೆಣ್ತಿ ನಿನ್ನೆ ಹೋದಳವ್ವಾ. ನೀ ಇಡಿಸಿದ ಬಳಿ ಕೈಯಾಗ ಹಂಗೇ ಇದ್ದವು."

ಜಾಹೇದಾ ಮುಂದೆ ನಡೆದಳು. ಪಕ್ಕದ ಮನೆಯಲ್ಲಿ ನರಳಾಟ. ಅದರಾಚೆ ಅಳು. ಅವಳು ಕೂತೆದ್ದ ಕಟ್ಟೆಗಳೆಲ್ಲ ಖಾಲಿ. ವಿಧವೆ ಶಂಕ್ರಮ್ಮನ ಅಂಗಳದಲ್ಲಿ ಮಾತ್ರ ಮೂವರು ಗಂಡುಮಕ್ಕಳು ಗಟ್ಟಿಮುಟ್ಟಾಗಿ ಕಟ್ಟಿಗೆ ಒಡೆಯುತ್ತಿದ್ದರು. ಗಂಡ ಸತ್ತವಳ ಹೊಸ್ತಿಲನ್ನು ಬಳೆಗಾರ್ತಿ ತುಳಿಯುವುದಿಲ್ಲ. ತಾನು ಬಳೆ ಇಟ್ಟ ಒಂಬತ್ತು ಬಾಗಿಲನ್ನೂ ಜಾಹೇದಾ ತಿರುಗಿ ನೋಡಿದಳು. ಯಾ ಅಲ್ಲಾ, ನಾನು ಹೋಗದ ಮನೆಯಷ್ಟೇ ಉಳಿದಿದೆ!

"ಈಗ ಬಂದೇನು ಜಾಹೇದಾಬಿ? ನಾಳೆ ಕುಬಸ!" ಓಣಿಯ ತುದಿಯಿಂದ ಅಂಬಮ್ಮ ರೇಗಿದಳು. ಹೇಳಿ ಹೋಗೋಣವೆಂದು ಜಾಹೇದಾ ಅವಳ ಮೆಟ್ಟಿಲವರೆಗೆ ಹೋದಳು. ತುಂಬಿದ ಬಸುರಿ ಶಾರದಾ ನಗುತ್ತ ಹೊರಬಂದು ಎರಡೂ ಕೈ ಚಾಚಿದಳು.

"ನನ್ನ ಮುಟ್ಟಬ್ಯಾಡ್ರಿ ಯವ್ವಾ. ಈ ಜಡ್ಡು ನನ್ನ ಸಂಗಾಟ ಬಂದದ್ರಿ."

"ಹುಚ್ಚಿ! ಬಸರಿ ಕೈ ಬರಿದ ಬಿಟ್ಟ ಹೋಗ್ತೀಯೇನು? ಕೂಡು ಸುಮ್ಮನ."

ಶಾರದಾ ಆಗಲೇ ಅವಳತ್ತ ಹೆಜ್ಜೆ ಇಟ್ಟಿದ್ದಳು. ಬಾಯಿಮಾತಿಗೆ ಇವರು ನಿಲ್ಲುವವರಲ್ಲ. ಜಾಹೇದಾ ಮಲಾರವನ್ನು ಎರಡೂ ಕೈಯಲ್ಲಿ ಎತ್ತಿ ಮೆಟ್ಟಿಲ ಕಲ್ಲಿಗೆ ಅಪ್ಪಳಿಸಿದಳು. ಹಸಿರು ಚೂರುಗಳು ಬಸುರಿಯ ಕಾಲ ಮುಂದೆ ಚೆಲ್ಲಿದವು.

ಕುಬಸದ ಬಳೆಯನ್ನು ಬಸುರಿಯ ಕಣ್ಣೆದುರೇ ಒಡೆಯುವುದೇ? ಅಂಬಮ್ಮ ಚೀರಿ ಸೊಸೆಯನ್ನು ಒಳಗೆಳೆದುಕೊಂಡಳು. "ನಿನ್ನ ಕೈ ಸೇದಿಹೋಗಲಿ! ಇನ್ನ ಈ ಓಣ್ಯಾಗ ಕಾಲಿಟ್ಟಿ ಅಂದ್ರ ನೋಡು!"

ಒಳಗಿನಿಂದ ಅಗುಳಿ ಬಿದ್ದ ಸದ್ದು ಕೇಳಿದ ಮೇಲೆಯೇ ಜಾಹೇದಾ ಉಸಿರು ಬಿಟ್ಟಳು.

ಅಳುತ್ತ ತಿರುಗಿದರೆ ಶಂಕ್ರಮ್ಮ ತನ್ನ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. "ಬಾ ತಂಗಿ, ಒಂದೀಟ ನೀರ ಕುಡದ ಹೋಗು." ಇಷ್ಟು ವರ್ಷದಲ್ಲಿ ಆ ಮನೆಯಿಂದ ಅವಳಿಗೆ ಕರೆ ಬಂದದ್ದು ಇದೇ ಮೊದಲು.

ಜಾಹೇದಾ ಸೆರಗನ್ನು ಬಾಯಿಗೆ ತುರುಕಿ ಕೆಮ್ಮು ತಡೆದಳು.

"ಹಿಂದಕ ಸರೀರಿ ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಓಡಿದಳು.

ಊರ ಬಾಯಲ್ಲಿ ಕಲಬುರ್ಗಿಯ ಬಂಡಿ ಜನ ತುಂಬಿಕೊಂಡು ನಿಂತಿತ್ತು. ಬಂಡಿಯವನು ಕೈಬೀಸಿ ಕರೆದ. ಅವಳು ಮುಖ ತಿರುಗಿಸಿ, ಯಾರೂ ಇಲ್ಲದ ಹೊಲದ ಹಾದಿಗೆ ಇಳಿದಳು.