ಅತ್ತಿಗೆಯ ಕೈಲಿದ್ದ ಮೌಸ್

ನಾನೊಂದು ಕಂಪ್ಯೂಟರ್ ಮೌಸ್. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ನೆನಪಿಲ್ಲ. ಡಬ್ಬ ಬಿಚ್ಚಿದಾಗ ಹಿರಿಯೂರಿನಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಕಂಪ್ಯೂಟರ್ ಸೆಂಟರಿನಲ್ಲಿದ್ದೆ. ಅಲ್ಲಿನ ನಿಸಾರ್ ಮೇಷ್ಟ್ರು ಕರುಣಾಳು. ಒಬ್ಬರ ಫೀಸು ಕಟ್ಟಿ ಇಬ್ಬರು ಒಂದೇ ಕಂಪ್ಯೂಟರಿನ ಮುಂದೆ ಕೂತರೂ ಬೇಡ ಅನ್ನುತ್ತಿರಲಿಲ್ಲ.

ಹಾಗೆ ಕೂತವರು ರಂಗಲಕ್ಷ್ಮಿ ಮತ್ತು ಅವಳ ಅತ್ತಿಗೆ ವನಜ. ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದ ರಂಗಲಕ್ಷ್ಮಿಗೆ ಒಂದು ಕೆಲಸ ಬೇಕೇ ಬೇಕಿತ್ತು. ಕಿವಿಯ ಓಲೆ ಅಡವಿಟ್ಟು ಫೀಸು ಕಟ್ಟಿದವಳೂ ಅವಳೇ. ಜೊತೆಗಿರಲಿ ಅಂತ ಬಂದ ವನಜಳಿಗೆ ಮಾತ್ರ ಮೊದಲ ದಿನವೇ ನನ್ನ ಹುಚ್ಚು ಹಿಡಿಯಿತು.

ನಾದಿನಿ ಕೀಲಿಮಣೆ ಕುಟ್ಟಿದಳು, ಅತ್ತಿಗೆ ನನ್ನನ್ನು ಹಿಡಿದಳು. "ಅತ್ತಿಗೆ, ನಾನೂ ಒಂಚೂರು ಹಿಡೀಲಾ?" ಎಂದು ರಂಗಲಕ್ಷ್ಮಿ ಒಮ್ಮೆ ಕೇಳಿದ್ದಳು.

"ಇರು ಕಣೇ, ಇದೊಂದು ಮುಗೀಲಿ."

ಅದು ಮುಗಿಯಲೇ ಇಲ್ಲ. ಯಾರ ಮನೆಯಲ್ಲಿ ಉಣ್ಣುತ್ತಿದ್ದಳೋ ಅವಳನ್ನೇ ರಂಗಲಕ್ಷ್ಮಿ ಮತ್ತೆ ಮತ್ತೆ ಕೇಳುವುದು ಹೇಗೆ? ನನಗೂ ವನಜಳ ಚುರುಕು ಕೈಯೇ ಹಿತವಾಗಿತ್ತು, ಸುಳ್ಳೇಕೆ.

ಒಂದು ದಿನ ನರ್ಸಿಂಗ್ ಹೋಮಿನ ಡಾಕ್ಟರಮ್ಮ ಬಿಲ್ ಕೌಂಟರಿಗೆ ಜನ ಬೇಕೆಂದು ಸೆಂಟರಿಗೇ ಬಂದರು. ರಂಗಲಕ್ಷ್ಮಿ ಟೈಪ್ ಮಾಡಿದ್ದು ನೋಡಿ ತಲೆದೂಗಿದರು. "ಸರಿ, ಈಗ ಆ ಇನ್ನೊಂದು ಫೈಲ್ ತೆಗಿಯಮ್ಮ."

ರಂಗಲಕ್ಷ್ಮಿಯ ಅಂಗೈ ಮೊದಲ ಸಲ ನನ್ನ ಮೇಲೆ ಬಂತು. ಬಾಣದ ಗುರುತು ಪರದೆಯ ಮೂಲೆಗೆ ಓಡಿತು. ಅವಳು ಒಮ್ಮೆ ಒತ್ತಿದಳು, ತಡೆದಳು, ಮತ್ತೊಮ್ಮೆ ಒತ್ತಿದಳು. ಫೈಲ್ ತೆರೆಯಲಿಲ್ಲ.

"ಇಷ್ಟು ದಿನ ಏನಮ್ಮ ಕಲಿತಿದ್ದು?"

"ಬಿಡೇ, ನಾನು ತೋರಿಸ್ತೀನಿ," ಎಂದು ಹಿಂದೆ ನಿಂತಿದ್ದ ವನಜ ಬಗ್ಗಿ ಪಟಪಟನೆ ಎರಡು ಸಲ ಒತ್ತಿದಳು. ಫೈಲ್ ತೆರೆಯಿತು.

ಡಾಕ್ಟರಮ್ಮ ತಿರುಗಿ, "ನಿಮ್ಮ ಹೆಸರೇನು?" ಎಂದರು.

ಕೆಲಸ ಬೇಕಾದದ್ದು ಇವಳಿಗೆ ಎನ್ನಬಹುದಿತ್ತು. ವನಜ ತನ್ನ ಹೆಸರು ಹೇಳಿದಳು.

ಆಮೇಲೆ ನರ್ಸಿಂಗ್ ಹೋಮಿನ ಕೆಲಸಕ್ಕೆ ಹೊರಡುವ ವನಜಳಿಗೆ ಬುತ್ತಿ ಕಟ್ಟುವ ಕೆಲಸ ರಂಗಲಕ್ಷ್ಮಿಯದಾಯಿತು. ವೈರು ಹರಿದು ನಾನು ಸೆಂಟರಿನ ಮೂಲೆಗೆ ಬಿದ್ದಾಗ, ವನಜ ಮೇಷ್ಟ್ರನ್ನು ಕೇಳಿ ನನ್ನನ್ನು ಮನೆಗೆ ಒಯ್ದಳು. "ನಿನ್ನ ಕೈ ಪಳಗಲಿ ಅಂತ ತಂದೆ ಕಣೇ," ಎಂದಳು, ನಾದಿನಿಯ ಮುಖ ನೋಡದೆ. ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ರಂಗಲಕ್ಷ್ಮಿ ನನ್ನನ್ನು ಸೆರಗಿನಲ್ಲಿ ಒರೆಸಿ ಉಪ್ಪಿನ ಭರಣಿಯ ಪಕ್ಕ ಇಟ್ಟಳು. ಬೈದಿದ್ದರೆ ವನಜಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮೊನ್ನೆ ವನಜಳಿಗೆ ರಜೆ. ರಂಗಲಕ್ಷ್ಮಿ ಒಲೆ ಆರಿಸಿ, ನನ್ನನ್ನು ಚಪಾತಿ ಮಣೆಯ ಮೇಲಿಟ್ಟು, ಪಟಪಟನೆ ಎರಡು ಸಲ ಒತ್ತಿದಳು.

"ಹಿಂಗೇನಾ ಅತ್ತಿಗೆ?"

ಒಂದಿಷ್ಟೂ ತಪ್ಪಿರಲಿಲ್ಲ.

"ಹೂಂ ಕಣೇ, ಸರಿಯಾಗೈತೆ," ಎಂದ ವನಜ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟಳು.

ಮುದಿತನದಲ್ಲಿ ನನ್ನಂಥವು ಒಂದು ಒಳ್ಳೆಯ ಮಾತು ಹೇಳಿ ಕತೆ ಮುಗಿಸಬೇಕಂತೆ. ನನಗೆ ಯಾವುದೂ ಹೊಳೆಯಲಿಲ್ಲ. ರಂಗಲಕ್ಷ್ಮಿ ಇನ್ನೊಮ್ಮೆ ಒತ್ತಿ ನೋಡಿದಳು.