ಹಪ್ಪಳ, ಚಟ್ಲಿ ಮತ್ತು ಹಡಗಿನ ಬಾಡಿಗೆ

ಸಾಲಿಗ್ರಾಮದ ಗುಣವತಿ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ಕಪಾಟಿನ ಮೇಲೆ ಬಿಡಿಯಾಗಿಟ್ಟ ಹಲಸಿನ ಹಪ್ಪಳಗಳಲ್ಲಿ ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾಳೆ. ಟಕ್ ಎಂದರೆ ಸಮಾಧಾನ. ಆ ದಿನ ಹಪ್ಪಳ ಸದ್ದು ಮಾಡದೆ ಬಾಗಿತು.

ಹೊರಗೆ ಮೋಡ ಕವಿದಿತ್ತು. ಒಳಗೆ ಗೋಡೆಯುದ್ದಕ್ಕೂ ಹಪ್ಪಳದ ಪೆಟ್ಟಿಗೆಗಳು. ಅವಳ ಸ್ವಸಹಾಯ ಸಂಘದ ಹೆಂಗಸರು ಬೇಸಿಗೆಯಿಡೀ ಹಲಸಿನಕಾಯಿ ಬೇಯಿಸಿ, ಅರೆದು, ಒತ್ತಿ, ಒಣಗಿಸಿ, ಗಾಳಿಯಾಡದಂತೆ ಕಟ್ಟಿಟ್ಟದ್ದು. ಬಹ್ರೇನಿನಲ್ಲಿ ಅಂಗಡಿ ಇಟ್ಟಿರುವ ಊರಿನವನೇ ಆದ ಶೈಲೇಶ್ ಕಳಿಸಿ ಎಂದಿದ್ದ. ಮೆತ್ತಗಾದ ಮಾಲು ಬಂದರೆ ಮುಂದಿನ ವರ್ಷ ಬೇಡ ಎಂದೂ ಹೇಳಿದ್ದ. ಆದರೆ ಹಡಗಿನ ಕಂಟೈನರ್ ಅಂದರೆ ಒಂದು ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಇವರ ಮಾಲು ಅದರ ಮೂಲೆಯನ್ನೂ ತುಂಬದು. ಹಡಗಿನ ಏಜೆಂಟರಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ನಿಮ್ಮದು ಸಣ್ಣ ಮಾಲು. ಕಾಯಿರಿ." ಬಾಡಿಗೆ ಮಾತ್ರ ಕಾಯುತ್ತಿರಲಿಲ್ಲ, ಏರುತ್ತಿತ್ತು.

"ಹ್ವಾಯ್ ಗುಣಕ್ಕ, ಎಂತ ಹಪ್ಪಳದ ಒಟ್ಟಿಗೆ ಗುಟ್ಟ್ ಮಾತಾಡ್ತಾ ಇದ್ರಿಯಾ?"

ಬಾಗಿಲಲ್ಲಿ ಗಂಗೊಳ್ಳಿಯ ಜಲಜ. ಒಣ ಸಿಗಡಿ, ಅವರ ಮಾತಿನಲ್ಲಿ ಚಟ್ಲಿ, ಮಾರುವ ಸಂಘದವಳು.

"ಹಪ್ಪಳ ಬಾಗ್ತ್ ಇತ್ತ್, ಜಲಜಾ. ಪೆಟ್ಟಿಗಿ ಬಿಚ್ಚಿ ಕಾಂಬುಕೂ ಹೆದ್ರಿಕೆ. ಮಳಿ ಬಂದ್ರೆ ನಮ್ ಹೆಂಗ್ಸರಿಗೆ ನಾನ್ ಎಂತ ಹೇಳ್ಲಿ?"

"ಒಬ್ರೇ ಕೇಂಡ್ರೆ ಹೀಂಗೇ. ಕುಂದಾಪ್ರ, ಬೈಂದೂರ್, ಬ್ರಹ್ಮಾವರದ ಸಣ್ಣ ಸಂಘದೋರ್ ನಾವ್ ಒಟ್ಟಾಯ್ಕಂಡಿದ್ದೋ. ವರ್ಷಕ್ಕೆ ಎಲ್ಲರ ಮಾಲ್ ಸೇರಿ ಇಷ್ಟ್ ಆತ್ತ್ ಅಂದ್ಹೇಳಿ ಒಟ್ಟಿಗೆ ಬಾಡಿಗಿ ಕೇಂಬುದ್. ನೀವೂ ಬನ್ನಿ."

ಗುಣವತಿ ಸೆರಗು ಸರಿಮಾಡಿಕೊಂಡಳು. "ನಿಮ್ ಚಟ್ಲಿ ಒಟ್ಟಿಗೆ ನಮ್ ಹಪ್ಪಳವಾ? ದೇವಸ್ಥಾನದ ಊರಿಂದ್ ಅದ್. ವಾಸ್ನಿ ಹಿಡಿದ್ರೆ?"

"ನಿಮ್ ಹಪ್ಪಳ ಹೋಪುದ್ ಸಮುದ್ರದ ಮೇಲೆ ಅಲ್ದಾ? ಅದ್ರ ಒಳ್ಗೆ ಮೀನ್ ಇಲ್ಯಾ?"

ಗುಣವತಿಗೂ ನಗು ಬಂತು. ಹೆದರಿಕೆ ಹೋಗಲಿಲ್ಲ.

"ವಾಸ್ನಿ ಹಿಡಿತ್ತ್, ನೀವ್ ಹೇಳುದ್ ಸಮ," ಎಂದಳು ಜಲಜ. "ಅದ್ಕೇ ಬಾಡಿಗಿ ಕೇಂಬುದ್ ಒಟ್ಟಿಗೆ, ತುಂಬ್ಸುದ್ ಬೇರೆ. ಚಟ್ಲಿಗೆ ಬೇರೆ ಕಂಟೈನರ್. ನಿಮ್ ಹಪ್ಪಳ ಬೈಂದೂರಿನ ಗೇರುಬೀಜದ ಒಟ್ಟಿಗೆ. ಏಜೆಂಟರ ಹತ್ರ ಬರ್ಸಿ ತಕಂಡಿದ್ದೋ. ಈ ವಾರ ಹೋಪು ಕಂಟೈನರಗೆ ಇನ್ನೂ ಜಾಗ ಇತ್ತ್."

"ಒಬ್ರ ಕಸ್ಟಮ್ಸ್ ಕಾಗದ ಸಮ ಇಲ್ದಿದ್ರೆ?"

ಜಲಜ ಈಗ ನಗಲಿಲ್ಲ. "ಎಲ್ಲರ ಮಾಲೂ ಬಂದರದಗೇ ನಿಲ್ಲತ್ತ್. ಸುಳ್ಳ್ ಹೇಳುದಿಲ್ಲೆ. ಅದ್ಕೇ ಮೊದ್ಲೇ ಕೂಕಂಡ್ ಎಲ್ಲರ ಕಾಗದ ಕಾಂಬುದ್. ಮತ್ತೆ ಬರೀ ಹಡಗಿನ ಬಾಡಿಗಿ ಕೇಂಡ್ರೆ ಸಾಕಾತ್ತಿಲ್ಲೆ. ಕಮ್ಮಿ ಅಂದ್ಹೇಳಿ ಇಲ್ಲಿ ತಕಂಡ್, ಉಳ್ದ ಖರ್ಚ್ ಆಚಿ ಬಂದರದಗೆ ನಿಮ್ ಶೈಲೇಶನ ಹತ್ರ ವಸೂಲಿ ಮಾಡ್ತ್ರ್. ಅವನ ಅಂಗಡಿ ಬಾಗ್ಲ್ ವರಿಗೆ ಎಷ್ಟ್ ಅಂದ್ಹೇಳಿ ಕೇಣ್ಕ್."

ಗುಣವತಿ ಗೋಡೆಯುದ್ದಕ್ಕಿದ್ದ ಪೆಟ್ಟಿಗೆಗಳನ್ನು ಎಣಿಸತೊಡಗಿದಳು.

"ಮೀನಿನ ಕೈರಂಪಣಿ ಬಲೆ ಒಬ್ರೇ ಎಳುಕಾತ್ತಾ, ಗುಣಕ್ಕ? ಊರಿಡೀ ಹಗ್ಗ ಹಿಡಿದ್ರೆ ದಡಕ್ಕೆ ಬತ್ತ್. ಪಾಲ್ ಮಾತ್ರ ಅವರವರದ್ದ್."

ಸಂಘದ ಹೆಂಗಸರು ಕೂತು ಮಾತಾಡಿದರು, ಒಪ್ಪಿದರು. ಮಂಗಳೂರು ಬಂದರಿಗೆ ಹೊರಟ ಲಾರಿಗೆ ಟಾರ್ಪಾಲು ಕಟ್ಟುವಾಗ ಮೊದಲ ಹನಿ ಬಿತ್ತು. ಗುಣವತಿ ಅಂಗಳದಲ್ಲೇ ನಿಂತು ಊರ ದೇವರಾದ ಗುರುನರಸಿಂಹನಿಗೆ ಕೈಮುಗಿದಳು.

ಆಮೇಲೆ ಮಳೆ ಬಿಡಲಿಲ್ಲ. ಕಡಲು ಮೊರೆಯುವುದು ಮನೆಯವರೆಗೂ ಕೇಳುತ್ತಿತ್ತು. ಫೋನ್ ಕಿಣಿಕಿಣಿಸಿದರೆ ಶೈಲೇಶನೇ ಇರಬೇಕೆಂದು ಅವಳು ಓಡುತ್ತಿದ್ದಳು.

ಒಂದು ಸಂಜೆ ಶೈಲೇಶನ ಧ್ವನಿ ಸಂದೇಶ ಬಂತು. ಮೊದಲು ಮಾತೇ ಇಲ್ಲ. ಬರೀ ಒಂದು ಸದ್ದು: ಟಕ್.

"ಗುಣಕ್ಕ, ಕೇಂತಾ?" ಎಂದ ಶೈಲೇಶ್.

ಗುಣವತಿ ಕಣ್ಣು ಮುಚ್ಚಿಕೊಂಡು ಅದನ್ನು ಮತ್ತೊಮ್ಮೆ ಕೇಳಿದಳು. ಆಮೇಲೆ ಗಂಗೊಳ್ಳಿಗೆ ಫೋನ್ ಮಾಡಿದಳು.

"ಜಲಜಾ, ನಮ್ದ್ ಮುಟ್ಟಿತ್. ನಿಮ್ ಚಟ್ಲಿ ಮುಟ್ಟಿತಾ?"

ಇದನ್ನು ಓದುತ್ತಿರುವ ಅಕ್ಕ, ತಮ್ಮ, ನಿಮ್ಮ ಮನೆಯಲ್ಲೂ ಕಡಲು ದಾಟಲು ಕಾಯುತ್ತಿರುವ ಪೆಟ್ಟಿಗೆಗಳಿದ್ದರೆ ಮೋಡ ನೋಡುತ್ತ ಒಬ್ಬರೇ ಕೂರಬೇಡಿ. ನಿಮ್ಮ ಹಾಗೆ ಮಾಲು ಕಳಿಸುವವರು ಪಕ್ಕದ ಊರಲ್ಲಿದ್ದಾರೆಯೇ ವಿಚಾರಿಸಿ. ಒಟ್ಟಾಗಿ ಬಾಡಿಗೆ ಕೇಳಿ, ಯಾವ ಮಾಲಿನ ಜೊತೆ ಯಾವುದು ಹೋಗಬೇಕೆಂದು ಬರೆಸಿಕೊಳ್ಳಿ, ಕಾಗದಗಳನ್ನು ಮೊದಲೇ ನೋಡಿಕೊಳ್ಳಿ. ನಿಮ್ಮದು ಮುಟ್ಟಿದ ದಿನ, ಜೊತೆಯವರದ್ದು ಮುಟ್ಟಿತೇ ಎಂದು ಕೇಳುವುದನ್ನು ಮರೆಯಬೇಡಿ.