ಹಿಂದಿನ ಕೋಣೆಯ ಕಿಟಕಿ

ಕಿಟಕಿಯನ್ನು ಇಷ್ಟು ಕೆಳಗೆ ಯಾಕೆ ಇಡುತ್ತಿದ್ದಾನೆಂದು ತಂಗಿ ಕೇಳಿದಾಗ ಬುಸ್ತಾಮಿಯ ತುಟಿಗಳ ನಡುವೆ ಮೊಳೆಗಳಿದ್ದವು. ಉತ್ತರ ಹೇಳದಿರಲು ಅಷ್ಟು ಸಾಕಾಯಿತು. ಚೌಕಟ್ಟಿನ ಕೆಳಪಟ್ಟಿಗೆ ಒಂದೊಂದೇ ಮೊಳೆ ಹೊಡೆದು ಮುಗಿಸಿ, ಹೊಸ ಹಲಗೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದ. ಯುಸ್ನಿಮಾರ್ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಕೂತಳು.

ಅಲ್ಲಿಂದ ಮೊದಲು ಗದ್ದೆ ಕಾಣುತ್ತಿತ್ತು, ಆಮೇಲೆ ಮಸೀದಿಯ ತಗಡಿನ ಮಾಡು, ಅದರಾಚೆಗೆ ಸಿಂಗ್ಕಾರಕ್ ಸರೋವರ. ನೀರಿನ ಮೇಲೆ ಅವಳ ಗಂಡ ಮಸ್ರುಲನ ದೋಣಿ ಎಳ್ಳಿನ ಕಾಳಿನಷ್ಟು ಕಂಡಿತು.

"ಕೂತೋರಿಗೂ ನೀರು ಕಾಣ್ಬೇಕಲ್ಲ," ಅಂದ ಬುಸ್ತಾಮಿ.

"ಕೂತ್ಕೊಂಡು ನೋಡೋಕೆ ಈ ಮನೇಲಿ ಯಾರಿಗಿದೆ ಪುರುಸೊತ್ತು?" ಎಂದಳು ಅವಳು. ಆದರೆ ಬೇಗ ಏಳಲಿಲ್ಲ. ಅವಳು ತಂದಿಟ್ಟ ಕಾಫಿ ಇಬ್ಬರ ನಡುವೆ ಇತ್ತು, ಸಾಸರಿನ ಮೇಲೆ ಹೂವಿನ ಚಿತ್ರದ ಕಪ್ಪು, ಕಪ್ಪಿನ ಮೇಲೆ ಮುಚ್ಚಳ. ಹೊರಗಿನವರಿಗೆ ಕೊಡುವ ಕಪ್ಪು ಅದು. ಮನೆಯವರು ಕುಡಿಯುವುದು ಗಾಜಿನ ಲೋಟದಲ್ಲಿ.

ಬುಸ್ತಾಮಿಗೆ ಮುಚ್ಚಳದ ಭಾಷೆ ಚೆನ್ನಾಗಿ ಗೊತ್ತಿತ್ತು. ಪಾಯಕುಂಬುವಿನ ಕಡೆ ಹೆಂಡತಿಯ ಮನೆಯಲ್ಲಿ ಅವನು ಅರ್ಧ ಆಯುಸ್ಸು ಕಳೆದಿದ್ದ. ಡುಮಾಯಿ, ಬಾತಾಮ್ ಎಂದು ಬಡಗಿ ಕೆಲಸಕ್ಕೆ ಎಲ್ಲೆಲ್ಲಿ ಅಲೆದರೂ ಹಬ್ಬಕ್ಕೆ ಬಂದು ಸೇರುತ್ತಿದ್ದುದು ಅಲ್ಲಿಗೇ. ಮಕ್ಕಳಾಗಲಿಲ್ಲ. ಕಳೆದ ರಂಜಾನಿನಲ್ಲಿ ಹೆಂಡತಿ ಮರ್ದಿಯಾ ತೀರಿಕೊಂಡಳು. ಮನೆ ಅವಳ ತಂಗಿಯದಾಯಿತು. ಮನೆ ಹೆಣ್ಣುಮಕ್ಕಳದೇ ಅಲ್ಲವೇ, ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಬಂದು ಇರುವವನು, ಅದರಲ್ಲಿ ಯಾರಿಗೂ ತಕರಾರಿಲ್ಲ. ಆ ತಂಗಿ ಒಳ್ಳೆಯವಳು, ಹೋಗು ಅನ್ನಲಿಲ್ಲ. ಒಂದು ಬೆಳಿಗ್ಗೆ ಅವನ ಕಾಫಿಯ ಮೇಲೆ ಮುಚ್ಚಳ ಬಂತು, ಅಷ್ಟೆ. ಬುಸ್ತಾಮಿ ಅಂದೇ ತನ್ನ ಉಳಿ, ಗರಗಸ, ಕೀಸುಳಿಗಳಿಗೆಲ್ಲ ಎಣ್ಣೆ ಸವರಿಟ್ಟ.

ಅದೇ ವಾರ ಯುಸ್ನಿಮಾರ್ ಫೋನ್ ಮಾಡಿದಳು. ಅಡುಗೆಮನೆಯ ಹಿಂದೆ ಒಂದು ಕೋಣೆ ಕಟ್ಟಬೇಕು, ಹಲಸಿನ ಹಲಗೆ ಒಣಗಿಸಿ ಇಟ್ಟಿದ್ದೇನೆ, ಒಡಹುಟ್ಟಿದವನು ಇರುವಾಗ ಬೇರೆ ಬಡಗಿ ಯಾಕೆ ಎಂದಳು. ಕೋಣೆ ಯಾರಿಗೆ ಎಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ. ಮದುವೆ ವಯಸ್ಸಿನ ಮಗಳಿರುವ ಮನೆಯಲ್ಲಿ ಹೊಸ ಕೋಣೆ ಏಳುತ್ತದೆಂದರೆ ಯಾರಿಗೆ ಎಂದು ಆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಬುಸ್ತಾಮಿಗೂ ಗೊತ್ತಿದ್ದ ಸಂಗತಿಯೇ. ಆದರೆ ಬಸ್ಸು ಘಟ್ಟ ಹತ್ತುವಾಗ, ತಂಗಿಯ ಮಗಳು ವೆಲ್ನಿಗೆ ಇನ್ನೂ ಗಂಡು ಗೊತ್ತಾಗಿಲ್ಲವಲ್ಲ ಎಂದು ಅವನ ಮನಸ್ಸು ಒಂದು ಆಸೆಯ ಎಳೆ ಹಿಡಿಯಿತು. ಆ ಎಳೆಯನ್ನು ಅವನು ಬಿಡಲಿಲ್ಲ.

ಬಂದ ಮೇಲೆ ಕೆಲಸ ಮತ್ತು ಮಾತು ಜೊತೆಜೊತೆಗೇ ಸಾಗಿದವು. ಎಷ್ಟೋ ವರ್ಷಗಳ ಮಾತು ಬಾಕಿಯಿತ್ತು. ಯುಸ್ನಿಮಾರ್ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಊರಿನ ಸುದ್ದಿ ಒಪ್ಪಿಸಿದಳು: ಯಾರು ತೀರಿಕೊಂಡರು, ಯಾರ ಎಮ್ಮೆ ಯಾರ ಗದ್ದೆಗೆ ನುಗ್ಗಿ ಎರಡು ಮನೆಗಳ ಮಾತು ನಿಂತಿತು, ಭೂಕಂಪದಲ್ಲಿ ಬಿರುಕುಬಿಟ್ಟ ಗೋಡೆಗೆ ಎಷ್ಟು ಸಲ ಗಾರೆ ಮೆತ್ತಿದರೂ ಹೇಗೆ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ. ಅಡುಗೆಮನೆಗೆ ಹಾಕಿಸಿದ ಟೈಲ್ಸಿನ ಮೇಲೆ ತಾನೇ ಎರಡು ಸಲ ಜಾರಿಬಿದ್ದದ್ದನ್ನೂ ಹೇಳಿದಳು. ಅವನು ಬಾತಾಮಿನ ಮುಗಿಲೆತ್ತರದ ಕಟ್ಟಡಗಳ ಕತೆ ಹೇಳಿದ, ಡುಮಾಯಿಯಿಂದ ಮಲಕ್ಕಾಕ್ಕೆ ಹೋಗುವ ದೋಣಿಯಲ್ಲಿ ದಡ ಕಾಣುವವರೆಗೂ ವಾಂತಿ ಮಾಡಿಕೊಂಡದ್ದನ್ನು ಹೇಳಿದ. ಪಡಾಂಗ್ ಪಟ್ಟಣದಿಂದಾಚೆ ಕಾಲಿಡದವಳು ಪ್ರತಿ ಊರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದಳು, ಅಲ್ಲಿನವರು ಏನು ತಿನ್ನುತ್ತಾರೆ, ಖಾರ ಹಾಕುತ್ತಾರೋ ಇಲ್ಲವೋ. ಹಾಕುವುದಿಲ್ಲ ಅಂದರೆ ಅಲ್ಲಿನವರ ಮೇಲೆ ನಿಜವಾಗಿ ಮರುಗುತ್ತಿದ್ದಳು.

ಮರ್ದಿಯಾಳ ವಿಷಯ ಅವಳು ಎತ್ತಲಿಲ್ಲ. ಅವನೇ ಒಂದು ಸಲ, ಹಲಗೆ ಕೀಸುತ್ತ, ಅವಳಿಗೂ ಕೀಸುಳಿಯ ಸಿಪ್ಪೆಯ ವಾಸನೆ ಇಷ್ಟವಿತ್ತು ಎಂದ. ಯುಸ್ನಿಮಾರ್ ಸಿಪ್ಪೆಯನ್ನೆಲ್ಲ ಗುಡಿಸಿ ಒಲೆಗೆ ಹಾಕದೆ ಗೋಣಿಚೀಲದಲ್ಲಿ ತುಂಬಿಟ್ಟಳು.

ಮಸ್ರುಲ್ ಮಧ್ಯಾಹ್ನ ಬಲೆಯಲ್ಲಿ ಸಿಕ್ಕ ಸಣ್ಣ ಬಿಲಿಹ್ ಮೀನು ತಂದು ಕೊಟ್ಟು ಜಗಲಿಯಲ್ಲಿ ಕೂರುತ್ತಿದ್ದ. ಮಾತು ಕಮ್ಮಿ, ನಗು ಮೆಲ್ಲಗೆ. ಒಂದು ದಿನ ಇಬ್ಬರ ಮುಂದೆಯೂ ಮುಚ್ಚಳದ ಕಪ್ಪು ಬಂದಾಗ ಬುಸ್ತಾಮಿ ಅದನ್ನು ನೋಡುತ್ತ ಕೂತದ್ದು ಅವನ ಕಣ್ಣಿಗೆ ಬಿತ್ತು.

"ಏನ್ ನೋಡ್ತೀರಿ ಭಾವ, ನಾನು ಈ ಮನೆಗೆ ಬಂದು ಮೊಮ್ಮಕ್ಕಳಾದ್ರು, ನನ್ನ ಮುಚ್ಚಳ ಇನ್ನೂ ತೆಗೆದಿಲ್ಲ," ಎಂದ. "ನೊಣ ಬೀಳಲ್ಲ ಅಂತ ಸಮಾಧಾನ ಮಾಡ್ಕೊಂಡಿದೀನಿ."

ಬುಸ್ತಾಮಿ ಜೋರಾಗಿ ನಕ್ಕ. ನಗು ಮುಗಿದ ಮೇಲೆ ಮಸ್ರುಲನಿಗೆ ಇನ್ನೊಂದು ಮನೆ ಇದೆ, ಅವನ ತಾಯಿಯ ಮನೆ, ಅಲ್ಲಿ ಅವನಿಗೆ ಲೋಟದಲ್ಲೇ ಕೊಡುತ್ತಾರೆ ಎಂದು ಹೊಳೆಯಿತು. ತನಗೆ ಅಂಥ ಮನೆ ಇದೇ.

ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಯುಸ್ನಿಮಾರ್ ದಾರ ಹಿಡಿದುಕೊಂಡು ನಿಂತಿದ್ದಳು. ಅವನು ಮೇಲುಪಟ್ಟಿಯ ಗುರುತು ಹಾಕುತ್ತಿದ್ದ. ಶುಕ್ರವಾರ ನಮಾಜ್ ಮುಗಿದ ಮೇಲೆ ಸೋಲೋಕಿಗೆ ಹೋಗಬೇಕು ಎಂದಳು ಅವಳು, ದಾರದ ಕಡೆಗೇ ನೋಡುತ್ತ. ವೆಲ್ನಿಗೆ ಒಬ್ಬ ಹುಡುಗ ಒಪ್ಪಿಗೆಯಾಗಿದ್ದಾನೆ, ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವರ ಮನೆಯವರು ಮೊನ್ನೆಯಷ್ಟೇ ಹೂಂ ಅಂದರು, ಈಗ ಪದ್ಧತಿಯಂತೆ ಹೋಗಿ ಕೇಳಬೇಕು.

"ಸೋದರಮಾವ ಅಂತ ನೀನೇ ಮಾತಾಡ್ಬೇಕು, ಅಣ್ಣ. ನೀನಲ್ದೆ ಇನ್ಯಾರಿದಾರೆ?"

ಅದೂ ನಿಜವೇ. ಆ ಮನೆಯಲ್ಲಿ ಅವನಿಗೆ ಒಂದು ಮೂಲೆ ಇಲ್ಲದಿರಬಹುದು, ಅವನ ಮಾತಿಲ್ಲದೆ ಆ ಮನೆಯ ಹುಡುಗಿಗೆ ಮದುವೆಯಿಲ್ಲ. ಬುಸ್ತಾಮಿ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡ. ಮತ್ತೆ ತೆಗೆದ.

"ಹುಡುಗ ಎತ್ತರ ಇದಾನಾ?"

"ಯಾಕೆ?"

"ಬಾಗಿಲು. ತಲೆ ತಾಗಬಾರ್ದಲ್ಲ."

ಮಸ್ರುಲನಿಗಿಂತ ಒಂದು ಗೇಣು ಎತ್ತರ ಎಂದಳು ಅವಳು. ಅವನು ಹಳೆಯ ಗುರುತನ್ನು ಉಗುಳು ಹಚ್ಚಿ ಒರೆಸಿ ಮೇಲೆ ಹೊಸದು ಹಾಕಿದ. ಅಷ್ಟು ಹೊತ್ತೂ ಅವಳು ದಾರ ಬಿಡಲಿಲ್ಲ, ಅವನ ಮುಖ ನೋಡಲೂ ಇಲ್ಲ.

ಶುಕ್ರವಾರ ಕರಿಯ ಟೋಪಿ ಹಾಕಿ, ಮಡಿಕೆ ಬಿಚ್ಚಿದ ಅಂಗಿಯಲ್ಲಿ ಅವನು ಸೋಲೋಕಿನ ಆ ಮನೆಯ ಚಾಪೆಯ ಮೇಲೆ ಕೂತ. ವೀಳ್ಯದ ತಟ್ಟೆ ಮುಂದೆ ಸರಿಯಿತು. ಎದುರು ಕೂತ ಹುಡುಗನ ಸೋದರಮಾವ ವಯಸ್ಸಾದ ದರ್ಜಿ, ಮಾತಿಗೆ ಅಂಚು ಕಟ್ಟದೆ ಬಿಡುವವನಲ್ಲ. ಬಂದ ದಾರಿಯಿಂದ ಹಿಡಿದು ಗದ್ದೆಯ ನೀರಿನವರೆಗೆ ಇಬ್ಬರೂ ಸುತ್ತಿಬಳಸಿ ಮಾತಾಡಿದರು. ಹೆಂಗಸರು ಒಳಕೋಣೆಯ ಪರದೆಯ ಹಿಂದೆ ಕಿವಿಗೊಟ್ಟಿದ್ದರು, ಅವರಲ್ಲಿ ಯುಸ್ನಿಮಾರಳೂ ಇದ್ದಳು. ಕೊನೆಗೆ ದರ್ಜಿ ಕೇಳಬೇಕಾದ್ದನ್ನು ಕೇಳಿದ.

"ನಮ್ಮ ಹುಡುಗ ಗಾಳಿಗೆ ಮಲಗಿ ಅಭ್ಯಾಸ ಆದೋನು. ನಿಮ್ಮಲ್ಲಿ ಅಂಗಿ ಬಿಚ್ಚಿ ಎಲ್ಲಿ ನೇತು ಹಾಕ್ಬೇಕು ಅವನು?"

ಇಂಥ ಪ್ರಶ್ನೆಗೆ ಉತ್ತರವೂ ಸುತ್ತಿಬಳಸಿಯೇ ಬರಬೇಕು. ಎಲ್ಲರೂ ಕಾದರು. ಬುಸ್ತಾಮಿ ವೀಳ್ಯದೆಲೆಯ ತೊಟ್ಟು ಮುರಿದು ತಟ್ಟೆಯ ಅಂಚಿಗಿಟ್ಟ.

"ಕೋಣೆ ಇದೆ," ಎಂದ. "ಹಲಸಿನ ಹಲಗೇದು. ಕಿಟಕಿ ಸರೋವರದ ಕಡೆಗೆ."

"ಹೊಸದೋ?"

"ಹೊಸದು."

"ಕಟ್ಟಿದವರು?"

"ಮನೆಯವರೇ."

ಪರದೆಯ ಹಿಂದೆ ಯಾರದೋ ಬಳೆ ಒಮ್ಮೆ ಸದ್ದಾಗಿ ನಿಂತಿತು. ದರ್ಜಿ ತಲೆದೂಗಿ ವೀಳ್ಯ ಎತ್ತಿಕೊಂಡ. ಮದುವೆ ಗೊತ್ತಾಯಿತು.

ಹಿಂದಿರುಗುವಾಗ ಬಾಡಿಗೆಯ ವ್ಯಾನಿನಲ್ಲಿ ವೆಲ್ನಿಯ ಅಕ್ಕ, ಅವಳ ಗಂಡ, ನೆಂಟರೆಲ್ಲ ಊಟದ ಬಗ್ಗೆ ಮಾತಾಡಿದರು, ರೆಂಡಾಂಗ್ ಮಾಂಸಕ್ಕೆ ಉಪ್ಪು ಸಾಲದಾಯಿತು ಎಂದು ತೀರ್ಮಾನಿಸಿದರು. ಯುಸ್ನಿಮಾರ್ ಅಣ್ಣನ ಹಿಂದಿನ ಸೀಟಿನಲ್ಲಿದ್ದಳು. ಒಂದು ತಿರುವಿನಲ್ಲಿ ಅವನ ಟೋಪಿ ಜಾರಿದಾಗ ಕೈ ಚಾಚಿ ಸರಿಮಾಡಿದಳು, ಚಿಕ್ಕವನಿದ್ದಾಗ ಸುರಾವಿಗೆ ಹೊರಟವನಿಗೆ ಅವರಮ್ಮ ಮಾಡುತ್ತಿದ್ದ ಹಾಗೆ. ಊರಿನ ಗಂಡುಮಕ್ಕಳೆಲ್ಲ ರಾತ್ರಿ ಮಲಗಲು ಹೋಗುತ್ತಿದ್ದುದು ಅಲ್ಲಿಗೇ, ಪ್ರಾರ್ಥನೆಯ ಆ ಹಲಗೆಮನೆಗೆ. ಈಗ ಹುಡುಗರು ಹೋಗುವುದಿಲ್ಲ. ಹೆಂಡತಿ ತೀರಿಹೋದ ಇಬ್ಬರು ಮೂವರು ಮುದುಕರು ಇದ್ದಾರೆ.

ಮರುದಿನ ವೆಲ್ನಿ ಟೇಪು ಹಿಡಿದು ಕೋಣೆಗೆ ಬಂದಳು. ಮದುವೆಯ ಮಂಚಕ್ಕೆ ಅಳತೆ ಬೇಕಾಗಿತ್ತು. ಅಳೆದಳು, ತಲೆ ಓರೆ ಮಾಡಿದಳು, ಇನ್ನೊಮ್ಮೆ ಅಳೆದಳು.

"ಮಾವ, ಮಂಚ ಬಂದ್ರೆ ಕಿಟಕಿ ಅದರ ಹಿಂದೆ ಹೋಗುತ್ತೆ. ತಲೆದಿಂಬಿನ ಹಲಗೆ ಇಷ್ಟು ಎತ್ತರ ಇರುತ್ತಲ್ಲ," ಎಂದಳು. ಆಮೇಲೆ ಅವನ ಮುಖ ನೋಡಿ, "ಪರವಾಗಿಲ್ಲ ಬಿಡಿ, ಮಂಚ ಆ ಕಡೆ ತಿರುಗಿಸ್ತೀನಿ," ಎಂದಳು.

ಆ ಕಡೆ ತಿರುಗಿಸಿದರೆ ಕಾಲು ನಮಾಜಿಗೆ ಮುಖ ಮಾಡುವ ಕಾಬಾದ ದಿಕ್ಕಿಗೆ ಬರುತ್ತದೆ, ಅದು ಅವಳಿಗೂ ಗೊತ್ತಿತ್ತು.

"ಅಳತೆ ನಂದೇ ತಪ್ಪಿದ್ದು," ಎಂದ ಬುಸ್ತಾಮಿ. "ಎತ್ತರಿಸ್ತೀನಿ. ಒಂದು ದಿನದ ಕೆಲಸ."

ಅವಳು ಹೋದ ಮೇಲೆ ಚೌಕಟ್ಟಿನ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಬಾಗಿದವನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿದ. ಕೆಳಗೆ ತೆರವಾದ ಜಾಗಕ್ಕೆ ಹಲಗೆ ಕೂರಿಸಿದ. ಕೊನೆಯ ಹಲಗೆ ಮೂಲ ಮರದ್ದಲ್ಲ, ಬಣ್ಣ ಸ್ವಲ್ಪ ತಿಳಿ. ಮಂಚ ಬಂದರೆ ಕಾಣುವುದಿಲ್ಲ.

ಹೊತ್ತು ಇಳಿಯುವಾಗ ಯುಸ್ನಿಮಾರ್ ಬಂದಳು. ಜಗಲಿಯಲ್ಲಿ ಅವನ ಹಾಸಿಗೆ ಸುತ್ತಿ ಕಟ್ಟಿದ್ದನ್ನು, ಹತ್ಯಾರದ ಪೆಟ್ಟಿಗೆಯನ್ನು ಅದರ ಪಕ್ಕಕ್ಕಿಟ್ಟಿದ್ದನ್ನು ಅವಳು ಆಗಲೇ ನೋಡಿದ್ದಳು. ಬಾಗಿಲಲ್ಲಿ ನಿಂತಳು.

"ಸುರಾವಲ್ಲಿ ಮಾಡು ಸೋರುತ್ತೆ," ಎಂದಳು.

"ಸರಿ ಮಾಡ್ತೀನಿ."

"ಬಟ್ಟೆ ಒಗೆಯೋಕೆ ಇಲ್ಲಿಗೇ ತರ್ಬೇಕು. ಊಟ ಇಲ್ಲೇ. ಎರಡೂ ಹೊತ್ತು."

"ಹೂಂ."

"ಹೂಂ ಅಂದು ಆಮೇಲೆ ಅಂಗಡೀಲಿ ತಿಂದ್ರೆ ಊರೆಲ್ಲ ನನ್ನ ಮುಖಕ್ಕೆ ಉಗಿಯುತ್ತೆ."

ಅವನು ನಕ್ಕು ತಲೆಯಾಡಿಸಿದ. ಅವಳ ಎರಡೂ ಕೈಯಲ್ಲಿ ಕಾಫಿಯಿತ್ತು, ಅಡುಗೆಮನೆಯ ದಪ್ಪ ಗಾಜಿನ ಲೋಟಗಳು. ಒಂದರ ಅಂಚು ಎಲ್ಲೋ ಒಡೆದು ಒರಟಾಗಿತ್ತು. ಅದನ್ನೇ ಅವನಿಗೆ ಕೊಟ್ಟಳು. ಅವನು ಒಡೆದ ಅಂಚನ್ನು ಆಚೆ ತಿರುಗಿಸಿಕೊಂಡು ನೆಲದ ಮೇಲೆ ಕೂತ. ಅವಳೂ ಮೊಣಕಾಲು ಹಿಡಿದುಕೊಂಡು ಅಂದು ಕೂತಿದ್ದ ಜಾಗದಲ್ಲೇ ಕೂತಳು.

ಇಬ್ಬರೂ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಈಗ ಆಕಾಶ ಕಾಣುತ್ತಿತ್ತು, ಆಚೆ ದಡದ ಗುಡ್ಡದ ತುದಿ ಕಾಣುತ್ತಿತ್ತು. ಮಸ್ರುಲನ ದೋಣಿ ದಡಕ್ಕೆ ಬರುತ್ತಿರಬೇಕು, ಎಂಜಿನ್ನಿನ ಸದ್ದು ಕೇಳಿಸಿತು.